ಮಾತಾಡುವುದು ಬೇರೆ, ಸೇರುವುದು ಬೇರೆ

ಅಮೆರಿಕ, ಕೆನಡಾ, ಯುರೋಪ್ ದೇಶಗಳ ಸೇನಾ ಕೂಟವಾದ ನ್ಯಾಟೋ ಜೊತೆ ಮಾತುಕತೆಗೆ ಕೂತರೆ, ಯಾವ ಬಣಕ್ಕೂ ಸೇರದ ಭಾರತದ ಅಲಿಪ್ತ ನೀತಿ ಮುಗಿದಂತೆ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗನಿಸುವುದಿಲ್ಲ. ಸದಸ್ಯತ್ವದ ಭಯ ಸುಮ್ನೆ. ಅವರ ಒಪ್ಪಂದದ 10ನೇ ವಿಧಿ ಪ್ರಕಾರ ಹೊಸದಾಗಿ ಸೇರಿಸಿಕೊಳ್ಳುವುದು ಯುರೋಪಿನ ದೇಶಗಳನ್ನು ಮಾತ್ರ. ತಟಸ್ಥ ದೇಶಗಳಾದ ಸ್ವಿಟ್ಜರ್ಲೆಂಡ್ 1996ರಲ್ಲಿ, ಐರ್ಲೆಂಡ್ 1999ರಲ್ಲಿ ನ್ಯಾಟೋದ ಪಾಲುದಾರರಾದವು. ಇವತ್ತಿಗೂ ಸದಸ್ಯರಲ್ಲ.

ನಮ್ಮ ಅಲಿಪ್ತತೆಯೂ ಅಷ್ಟೇನು ಮಡಿಯಾಗಿರಲಿಲ್ಲ ಬಿಡಿ. 1971ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡವರು ನಾವೇ! ಸೊಮಾಲಿಯಾದ ಕಡಲ್ಗಳ್ಳರ ಕಾಟ ಜಾಸ್ತಿ ಇದ್ದಾಗ ನಮ್ಮ ನೌಕಾಪಡೆಯೂ ನ್ಯಾಟೋ ಹಡಗುಗಳೂ ಒಂದೇ ಸಮುದ್ರದಲ್ಲಿ ಗಸ್ತು ತಿರುಗಿದ್ದವು. ಅಂಥ ವಿಷಯಗಳಲ್ಲಿ ಧಾರಾಳವಾಗಿ ಮಾತಾಡಲಿ. ಆದರೆ ನಮ್ಮ ವಾಯು ರಕ್ಷಣಾ ಕ್ಷಿಪಣಿ ವ್ಯವಸ್ಥೆ ಎಸ್-400 ನ್ಯಾಟೋದ ಎದುರಾಳಿ ರಷ್ಯಾದ್ದು. ಅದರ ವಿವರ ಮಾತ್ರ ಆ ಮೇಜಿಗೆ ಬರಬಾರದು.