ಕಂಬವಿಲ್ಲದ ಗುಮ್ಮಟ

ಪ್ರಶ್ನೆ: ಶಾಲಾ ಪ್ರವಾಸಕ್ಕೆ ಮಕ್ಕಳನ್ನು ವಿಜಯಪುರದ ಗೋಳಗುಮ್ಮಟಕ್ಕೆ ಕರೆದೊಯ್ದಿದ್ದೆ. ನಡುವೆ ಒಂದೂ ಕಂಬವಿಲ್ಲ. ಅಷ್ಟು ಭಾರ ನಿಂತಿರುವುದು ಹೇಗೆ ಸಾರ್?
– ಶಿಕ್ಷಕಿ, ದಾವಣಗೆರೆ

ಉತ್ತರ: ಎಲ್ಲರೂ ಗುಮ್ಮಟದ ನೆತ್ತಿ ನೋಡ್ತಾರೆ ಮೇಡಂ, ಗುಟ್ಟಿರುವುದು ಅದರ ಬುಡದಲ್ಲಿ. ಕೆಳಗೆ ಚೌಕದ ಕೋಣೆ, ಮೇಲೆ ದುಂಡನೆಯ ಗುಮ್ಮಟ. ರಂಗೋಲಿಯಲ್ಲಿ ಒಂದು ಚೌಕದ ಮೇಲೆ ಇನ್ನೊಂದನ್ನು ಓರೆಯಾಗಿ ಎಳೆದು ನೋಡಿ, ನಡುವೆ ಎಂಟು ಮೂಲೆಯ ಜಾಗ ಸಿಗುತ್ತದೆ. ಅಲ್ಲಿ ಎಂಟು ಕಮಾನುಗಳು ಹಾಗೆಯೇ ಒಂದನ್ನೊಂದು ಹಾಯ್ದು ಒಳಕ್ಕೆ ಬಾಗಿವೆ. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟದ ಭಾರ ಅವುಗಳಿಂದ ದಪ್ಪ ಗೋಡೆಗಳಿಗೆ ಇಳಿಯುತ್ತದೆ.

ಇದು 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಕಟ್ಟೆಯ ಮೇಲೆ ಕಾಣುವುದು ಗುರುತಿನ ಗೋರಿ, ನಿಜವಾದದ್ದು ನೆಲಮಾಳಿಗೆಯಲ್ಲಿದೆ. ಗುಮ್ಮಟದ ಬುಡದ ಸುತ್ತ ಒಳಗಡೆ ಇರುವ ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಗುಟ್ಟಿದರೂ ಎದುರು ಬದಿಗೆ ಕೇಳಿಸುತ್ತದಂತೆ; ನನಗಂತೂ ಹೋದಾಗಲೆಲ್ಲ ಕೇಳಿದ್ದು ಬರೀ ಸೀಟಿ, ಕೂಗಾಟ! ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹತ್ತಬೇಕು.

ಅಂದಹಾಗೆ, ಅದೇ ದೊರೆಯ ಸರದಾರ, ಶಿವಾಜಿಯ ತಂದೆ ಶಹಾಜಿ 1664ರಲ್ಲಿ ಬೇಟೆಗೆ ಹೋಗಿ ಕುದುರೆಯಿಂದ ಬಿದ್ದು ಸತ್ತದ್ದು ನಮ್ಮ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಸಮಾಧಿ ಚಿಕ್ಕದು, ಗುಮ್ಮಟವಿಲ್ಲ. ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆಗೆ ಮನೆ.