ಡಬ್ಬ ಬಚ್ಚಿಡಬೇಡಿ, ಜೊತೆಗೆ ನಡೆಯಿರಿ

ಪ್ರಶ್ನೆ: ಮೇಡಂ, ನಮ್ಮ ಯಜಮಾನರು 22 ವರ್ಷ ಸೈನ್ಯದಲ್ಲಿದ್ದು ಹವಾಲ್ದಾರ್ ಆಗಿ ನಿವೃತ್ತರಾದವರು. ಊರಿಗೆ ಬಂದು 3 ವರ್ಷ ಆಯಿತು. ರಾತ್ರಿ 2 ಗಂಟೆಗೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಚಕ್ಕುಲಿ, ಮಿಕ್ಸ್ಚರ್, ಬೆಲ್ಲ, ಏನು ಸಿಕ್ಕರೂ ತಿನ್ನುತ್ತಾರೆ. ಕೇಳಿದರೆ ‘ಹಸಿವಲ್ಲ ಕಣೇ, ತಿಂದರೆ ಸಮಾಧಾನ’ ಅನ್ನುತ್ತಾರೆ. ತೋಟಕ್ಕೆ ಬಂದ ಆನೆ ಓಡಿಸಲು ಪಟಾಕಿ ಸಿಡಿಸಿದ ರಾತ್ರಿ ಇನ್ನೂ ಜಾಸ್ತಿ. ತೂಕ 14 ಕೆ.ಜಿ. ಏರಿದೆ. ಡಬ್ಬ ಬಚ್ಚಿಟ್ಟರೆ ಸಿಟ್ಟು. ವಾಕಿಂಗ್ ಹೋಗಿ ಅಂದರೆ ‘ಮಾಡಿದ ಪಿಟಿ ಸಾಕು’ ಅಂತಾರೆ. ನಡೆದರೆ ಇದು ನಿಜವಾಗಿ ಕಡಿಮೆ ಆಗುತ್ತದಾ?
– ಓದುಗರು, ಆಲೂರು ತಾಲ್ಲೂಕು

ಉತ್ತರ: ಮೊದಲು ಆ ಡಬ್ಬಗಳನ್ನು ಇದ್ದ ಜಾಗದಲ್ಲೇ ಇಟ್ಟುಬಿಡಿ ತಾಯಿ. ಇದು ಬಾಯಿಚಪಲ ಅಲ್ಲ. ನನ್ನ ತಂದೆಯೂ ಸೈನ್ಯದಲ್ಲಿದ್ದವರು. ಎಲ್ಲರೂ ಮಲಗಿದ ಮೇಲೆ ಕತ್ತಲಲ್ಲಿ ಕೂತು ಕಡ್ಲೆಕಾಯಿ, ಬೆಲ್ಲ ಮುಗಿಸುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು. ಡಾಕ್ಟರ್ ಆದ ಮೇಲೆ ಅದು ಏನೆಂದು ಅರ್ಥವಾಯಿತು. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ.

ವರ್ಷಗಟ್ಟಲೆ ಕಾವಲು ಕಾದ ಮೈ ಮನೆಗೆ ಬಂದ ತಕ್ಷಣ ಕಾವಲು ಬಿಡುವುದಿಲ್ಲ. ಪಟಾಕಿ ಸಿಡಿದರೆ ಸಾಕು, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ. ಮುಂದೆ ಹೋರಾಟ ಇದೆ ಎಂಬಂತೆ ಮೈ ಸಿಹಿ, ಕರಿದದ್ದು ಕೇಳುತ್ತದೆ. ತಿಂದ ಗಳಿಗೆ ಹಾಯೆನಿಸುತ್ತದೆ. ಆ ದಾರಿಯನ್ನು ಮಿದುಳು ಕಲಿತುಬಿಡುತ್ತದೆ. ನಿದ್ದೆ ಕೆಟ್ಟರಂತೂ ಹಸಿವು ಇನ್ನೂ ಹೆಚ್ಚು.

ನಡಿಗೆಯಿಂದ ಇದು ಬದಲಾಗುತ್ತದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಚಾಕೊಲೇಟ್ ಪ್ರಿಯರನ್ನು 15 ನಿಮಿಷ ಚುರುಕಾಗಿ ನಡೆಸಿ, ಆಮೇಲೆ ಕೆಲಸಕ್ಕೆ ಕೂರಿಸಿದರು. ಅವರು ತಿಂದದ್ದು ನಡೆಯದವರ ಅರ್ಧದಷ್ಟು. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 120 ಹಿರಿಯರ ಮೇಲಿನ ಅಧ್ಯಯನ ನನಗೆ ಇನ್ನೂ ಇಷ್ಟ. ವಾರಕ್ಕೆ 3 ದಿನದಂತೆ ಒಂದು ವರ್ಷ ನಡೆದವರ ಹಿಪೊಕ್ಯಾಂಪಸ್ ಸುಮಾರು ಶೇ. 2ರಷ್ಟು ಹಿಗ್ಗಿತ್ತು. ನೆನಪನ್ನು ಕಾಯುವ, ಕಾರ್ಟಿಸಾಲ್‌ಗೆ ‘ಸಾಕು’ ಎನ್ನಲು ನೆರವಾಗುವ ಮಿದುಳಿನ ಭಾಗ ಅದು. ಅವರು ಸೈನಿಕರಲ್ಲ, ನಿಜ. ಆದರೂ ನನ್ನ ರೋಗಿಗಳಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಆದರೆ ಹಳೆಯ ಪಿಟಿ ವೇಗದಲ್ಲಿ ಶುರು ಮಾಡಿಸಬೇಡಿ. ಏದುಸಿರು, ಜೋರು ಎದೆಬಡಿತ ಇವೇ ಅವರಿಗೆ ಭಯದ ಗಳಿಗೆಯನ್ನು ನೆನಪಿಸಬಹುದು. ಬಿಪಿ, ಶುಗರ್ ಒಮ್ಮೆ ನೋಡಿಸಿ, 10 ನಿಮಿಷದಿಂದ ಶುರು ಮಾಡಿ. ನಿಮ್ಮ ಕಡೆ ಆನೆ ಕಾಟ ಇರುವುದರಿಂದ ನಸುಕಿನಲ್ಲಿ ಬೇಡ. ಮಧ್ಯಾಹ್ನ 4ಕ್ಕೆ, ಶಾಲೆ ಮೈದಾನದಲ್ಲಿ, ನೀವೂ ಜೊತೆಗೆ. ವಾಕಿಂಗ್ ಅನ್ನಲೇಬೇಡಿ. ‘ಸಂತೆಗೆ ಬನ್ನಿ, ಚೀಲ ಹಿಡಿಯೋಕೆ ಜನ ಬೇಕು’ ಅನ್ನಿ. ಹಾಸನಕ್ಕೆ ಬಂದಾಗ ಮಹಾರಾಜ ಪಾರ್ಕ್‌ನಲ್ಲಿ 2 ಸುತ್ತು ಹಾಕಿ.

ರಾತ್ರಿ ಎದ್ದರೆ ಉಪದೇಶ ಬೇಡ. ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ.

ಕೆಟ್ಟ ಕನಸು, ಸದ್ದಿಗೆ ನಡುಕ, ಜಾಸ್ತಿ ಕುಡಿತ ಇದ್ದರೆ ನಡಿಗೆಯೊಂದೇ ಸಾಲದು. ಮನೋವೈದ್ಯರು ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಯಜಮಾನರು ಒಪ್ಪದಿದ್ದರೆ ಮೊದಲು ನೀವೇ ಕರೆ ಮಾಡಿ.