ಊರಿನಲ್ಲಿ ಮನೋವೈದ್ಯರಿಲ್ಲದಿದ್ದರೆ ಮೊದಲು ಯಾರನ್ನು ವಿಚಾರಿಸಬೇಕು?

ತಾಯಿಯವರಿಗೆ ಎರಡು ತಿಂಗಳಿಂದ ನಿದ್ದೆಯಿಲ್ಲ, ಮಾತೂ ಕಡಿಮೆಯಾಗಿದೆ, ಹತ್ತಿರದಲ್ಲಿ ಮನೋವೈದ್ಯರಿಲ್ಲ ಎಂದು ಬರೆದಿದ್ದೀರಿ. ಮೊದಲು 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ ಉಚಿತವಾಗಿದ್ದು, ಹಗಲೂ ರಾತ್ರಿಯೂ ಕನ್ನಡದಲ್ಲಿಯೇ ಮಾತನಾಡಬಹುದು. ಆಪ್ತಸಮಾಲೋಚಕರು ನಿದ್ದೆ, ಊಟ, ಬದುಕೇ ಬೇಡವೆನಿಸುವ ಯೋಚನೆ ಮುಂತಾದವನ್ನು ಸಾವಧಾನವಾಗಿ ವಿಚಾರಿಸಿ, ಅಗತ್ಯಬಿದ್ದರೆ ಮನೋವೈದ್ಯರೊಂದಿಗೆ ಮಾತನಾಡಿಸುತ್ತಾರೆ ಇಲ್ಲವೇ ಸಮೀಪದ ಆಸ್ಪತ್ರೆಗೆ ಕಳುಹಿಸುತ್ತಾರೆ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರು ರೋಗಿಗಳನ್ನು ನೋಡುವ ಏರ್ಪಾಡೂ ಇದೆ. ನಿಮ್ಮ ತಾಲ್ಲೂಕಿನ ಸರದಿ ಯಾವ ವಾರವೆಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಂಡರೆ ಬಸ್ ಖರ್ಚು ದಂಡವಾಗುವುದಿಲ್ಲ. ನೆರೆಹೊರೆಯವರು ಆಡಿಕೊಂಡಾರೆಂಬ ಅಳುಕು (ಅದು ನಮ್ಮಲ್ಲಿ ಕಾಯಿಲೆಗಿಂತ ಹೆಚ್ಚು ಕಾಡುತ್ತದೆ) ಬೇಡ. ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.